ತಾಯಿ ಕೋತಿ ತಿಳಿಸುವ ಹಾಲಿನ ಗುಟ್ಟು

ದೇವಸ್ಥಾನದ ಮೆಟ್ಟಿಲ ಮೇಲೆ ಮರಿಯನ್ನು ಎದೆಗವಚಿಕೊಂಡು ಕುಳಿತ ಕೋತಿಯನ್ನು ನೀವು ನೋಡಿಯೇ ಇರುತ್ತೀರಿ. ನೆತ್ತಿಯ ಮೇಲೆ ಟೋಪಿಯಂತೆ ಕೂದಲಿರುವ, ದಕ್ಷಿಣ ಭಾರತದ್ದೇ ಆದ ಈ ಕೋತಿಯ ಹಾರ್ಮೋನುಗಳನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಅಭ್ಯಾಸ ಮಾಡಿದ್ದಾರೆ. ಹೆಂಗಸರಂತೆ ಇದಕ್ಕೂ ಸುಮಾರು 28 ದಿನಗಳ ಋತುಚಕ್ರವಿದೆ. ಗರ್ಭಾವಧಿ ಮಾತ್ರ ಐದೂವರೆ ತಿಂಗಳು.

ಗರ್ಭವನ್ನು ಕಾಯುವ ಪ್ರೊಜೆಸ್ಟರಾನ್ ಹಾರ್ಮೋನು ಮೊದಲು ಅಂಡಾಶಯದಿಂದ ಬರುತ್ತದೆ. ಕೋತಿಯಲ್ಲಿ ಗರ್ಭ ನಿಂತ ಮೂರ್ನಾಲ್ಕು ವಾರಗಳಲ್ಲೇ ಮಾಸು ಆ ಹೊಣೆ ಹೊರುತ್ತದೆ. ಹೆಂಗಸರಲ್ಲಿ ಇದು ಇನ್ನಷ್ಟು ತಡ. ಕೋತಿಯ ರಕ್ತದಲ್ಲಿ ಇದರ ಪ್ರಮಾಣ ಕೊನೆಯವರೆಗೂ ಕಡಿಮೆಯೇ. ತುಂಬು ಗರ್ಭಿಣಿಯಲ್ಲಿ ಅದರ ಹತ್ತಾರು ಪಟ್ಟು ಇರುತ್ತದೆ.

ನಮ್ಮ ಬಾಣಂತಿಯರ ತೊಂದರೆ ಇಲ್ಲಿಂದಲೇ ಶುರು. ಗರ್ಭವನ್ನು ಕಾಯುವ ಈ ಪ್ರೊಜೆಸ್ಟರಾನ್ ಹಾಲು ತುಂಬುವುದನ್ನೂ ತಡೆದಿರುತ್ತದೆ. ಮಾಸು ಬಿದ್ದ ಮೇಲೆ ಅದು ಇಳಿಯಬೇಕು, ಆಗಲೇ ಹಾಲೂಡಿಸುವ ಪ್ರೊಲ್ಯಾಕ್ಟಿನ್ ಕೈ ಮೇಲಾಗುವುದು. ಹೀಗಾಗಿ ಹಾಲು ತುಂಬಿ ಬರುವುದು ಎರಡು ಮೂರನೆಯ ದಿನ. ಅಷ್ಟರೊಳಗೆ ಮನೆಯಲ್ಲಿ "ಹಾಲೇ ಇಲ್ಲವಲ್ಲ" ಎಂಬ ಗದ್ದಲ, ಡಬ್ಬಿ ಹಾಲು, ಜೇನುತುಪ್ಪ! ಕೋತಿಗೆ ಇಂಥ ಸಲಹೆ ಕೊಡುವವರಿಲ್ಲ, ಅದರ ಪುಣ್ಯ. ಮರಿ ಹುಟ್ಟಿದಾಗಿನಿಂದ ಹಗಲು ರಾತ್ರಿ ಮೊಲೆಗೆ ಅಂಟಿಕೊಂಡೇ ಇರುತ್ತದೆ.

ಆ ಚೀಪುವಿಕೆಯೇ ಮುಖ್ಯ. ಮರಿ ಚೀಪಿದಾಗಲೆಲ್ಲ ಪ್ರೊಲ್ಯಾಕ್ಟಿನ್ ಏರುತ್ತದೆ, ಆಕ್ಸಿಟೋಸಿನ್ ಹಾಲನ್ನು ಹೊರದೂಡುತ್ತದೆ. ನಮ್ಮಲ್ಲೂ ಅಷ್ಟೇ. ಮಗುವನ್ನು ಹುಟ್ಟಿದ ಒಂದು ಗಂಟೆಯೊಳಗೆ ಎದೆಗೆ ಹಾಕಿ. ಹಳದಿ ಗಿಣ್ಣುಹಾಲನ್ನು ಹಿಂಡಿ ಚೆಲ್ಲಬೇಡಿ. ಮೊದಲ ದಿನಗಳಿಗೆ ಆ ನಾಲ್ಕು ಚಮಚವೇ ಸಾಕು. ಬಾಣಂತಿಗೆ ಭಯ, ಆತಂಕವಿದ್ದರೆ ಆಕ್ಸಿಟೋಸಿನ್ ಹಿಂಜರಿಯುತ್ತದೆಯಾದ್ದರಿಂದ ಮನೆಯವರು ಮಾತಿನಲ್ಲೂ ಸ್ವಲ್ಪ ಹಿಡಿತವಿಡುವುದು ಒಳ್ಳೆಯದು.

ಮರಿ ಚೀಪುತ್ತಿರುವಷ್ಟು ಕಾಲ ತಾಯಿ ಕೋತಿಯ ಅಂಡಾಶಯ ಸುಮ್ಮನಿರುತ್ತದೆ. ಮರಿ ಸತ್ತುಹೋದರೆ ಬೇಗನೆ ಎಚ್ಚೆತ್ತುಕೊಳ್ಳುತ್ತದೆ. ಆದರೆ ಇದನ್ನೇ ನಂಬಿ ಕೂರಬೇಡಿ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲು ರಾತ್ರಿ ಎದೆಹಾಲೊಂದೇ ಕೊಡುತ್ತಿರಬೇಕು, ಮುಟ್ಟು ಮರಳಿರಬಾರದು. ಮೂರೂ ಕೂಡಿದರೆ ಮಾತ್ರ ಇನ್ನೊಂದು ಗರ್ಭದ ಸಂಭವ ನೂರಕ್ಕೆ ಎರಡಕ್ಕಿಂತ ಕಡಿಮೆ.

ನಾಲ್ಕೈದು ದಿನ ಕಳೆದರೂ ಹಾಲು ತುಂಬದೆ, ಮಗು ಮೂತ್ರ ಮಾಡುವುದೂ ಕಡಿಮೆಯಾಗಿದ್ದರೆ ವೈದ್ಯರಿಗೆ ತೋರಿಸಿ. ಮಾಸಿನ ಚೂರು ಒಳಗೆ ಉಳಿದು ಹಾಲನ್ನು ತಡೆಯುತ್ತಿರಲೂಬಹುದು. ರಕ್ತಸ್ರಾವ ಹೆಚ್ಚಿದ್ದರಂತೂ ಒಂದು ದಿನವೂ ಕಾಯದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.