ಸೈಕಲ್ ಸವಾರಿಯ ದುರಸ್ತಿ ಸಾಮಗ್ರಿ

ಸೈಕಲ್ ಸವಾರಿಯ ದುರಸ್ತಿ ಸಾಮಗ್ರಿ ಎಂದರೆ ದೂರದ ಸವಾರಿಯಲ್ಲಿ ಸೈಕಲ್ ಕೆಟ್ಟಾಗ ಅಥವಾ ಅಪಘಾತ ಸಂಭವಿಸಿದಾಗ ಬಳಸಲು ಸವಾರರು ಜೊತೆಯಲ್ಲಿ ಒಯ್ಯುವ ಉಪಕರಣಗಳ ಸಮೂಹ. ಇದನ್ನು ಸಾಮಾನ್ಯವಾಗಿ ಆಸನದ ಕೆಳಗೆ ಕಟ್ಟಿದ ಸಣ್ಣ ಚೀಲದಲ್ಲಿ ಇಡಲಾಗುತ್ತದೆ.

ಹಿನ್ನೆಲೆ

ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಇಂತಹ ಟೈರುಗಳ ಬಳಕೆಯೊಂದಿಗೆ ಸವಾರಿ ಸುಗಮವಾಯಿತು; ಜೊತೆಗೆ ಪಂಕ್ಚರ್‌ನ ಸಮಸ್ಯೆಯೂ ಬಂದಿತು. ಆರಂಭಿಕ ಟೂರ್ ಡಿ ಫ್ರಾನ್ಸ್ ಸ್ಪರ್ಧೆಗಳಲ್ಲಿ ಸವಾರರು ತಮ್ಮ ಸೈಕಲನ್ನು ತಾವೇ ದುರಸ್ತಿ ಮಾಡಿಕೊಳ್ಳಬೇಕೆಂಬ ನಿಯಮವಿತ್ತು. 1913ರಲ್ಲಿ ತೂರ್ಮಾಲೆ ಘಟ್ಟವನ್ನು ಇಳಿಯುವಾಗ ಯುಜೀನ್ ಕ್ರಿಸ್ತೋಫ್ ಅವರ ಸೈಕಲ್‌ನ ಮುಂಗವೆ ಮುರಿಯಿತು. ಅವರು ಸೈಕಲನ್ನು ಹೊತ್ತು 10 ಕಿ.ಮೀ.ಗೂ ಹೆಚ್ಚು ದೂರ ನಡೆದು, ಸೇಂಟ್-ಮಾರಿ-ದ-ಕಾಂಪಾನ್ ಗ್ರಾಮದ ಕಮ್ಮಾರಸಾಲೆಯಲ್ಲಿ ಅದನ್ನು ಸ್ವತಃ ಬೆಸೆದರು. ತಿದಿ ಒತ್ತಲು ಹುಡುಗನೊಬ್ಬನ ನೆರವು ಪಡೆದುದಕ್ಕಾಗಿ ಅವರಿಗೆ ದಂಡವಾಗಿ ಹೆಚ್ಚುವರಿ ಸಮಯ ವಿಧಿಸಲಾಯಿತು.

ಸ್ವಾವಲಂಬನೆಯ ಈ ತತ್ವವು ಬೆಂಗಳೂರೂ ಸೇರಿದಂತೆ ಹಲವೆಡೆ ನಡೆಯುವ ಬ್ರೆವೆ ಸವಾರಿಗಳಲ್ಲಿ ಇಂದಿಗೂ ಉಳಿದಿದೆ. 200 ಕಿ.ಮೀ. ಬ್ರೆವೆಯನ್ನು 13 ಗಂಟೆ 30 ನಿಮಿಷಗಳೊಳಗೆ ಮುಗಿಸಬೇಕಾಗುತ್ತದೆ.

ಮುಖ್ಯ ಸಾಮಗ್ರಿಗಳು

* ಬದಲಿ ಟ್ಯೂಬ್: ಚಕ್ರದ ಅಳತೆಗೂ ವಾಲ್ವ್‌ನ ಬಗೆಗೂ ಹೊಂದಬೇಕು. ಷ್ರೇಡರ್ ವಾಲ್ವ್ ಸುಮಾರು 8 ಮಿ.ಮೀ. ದಪ್ಪವಿದ್ದು, 6 ಮಿ.ಮೀ.ನ ಪ್ರೆಸ್ಟಾ ವಾಲ್ವ್‌ಗಾಗಿ ಕೊರೆದ ರಿಮ್ಮಿನ ರಂಧ್ರದಲ್ಲಿ ಅದು ಹಿಡಿಸುವುದಿಲ್ಲ.
* ಟೈರ್ ಲಿವರ್, ಪಂಪ್, ತೇಪೆ, ರಬ್ಬರ್ ದ್ರಾವಣ ಮತ್ತು ಉಜ್ಜುಕಾಗದ.
* 4, 5 ಮತ್ತು 6 ಮಿ.ಮೀ. ಅಲೆನ್ ಕೀಲಿಗಳಿರುವ ಬಹೂಪಯೋಗಿ ಉಪಕರಣ.
* ಚೈನ್ ಕೀಲು ಬಿಚ್ಚುವ ಸಾಧನ ಮತ್ತು ಗೇರುಗಳ ಸಂಖ್ಯೆಗೆ ಹೊಂದುವ ಜೋಡಣೆ ಕೊಂಡಿ.
* ಹರಿದ ಟೈರಿನ ಒಳಗಿಡಲು ಹಳೆಯ ಟೈರಿನ ತುಂಡು.

ಪಂಕ್ಚರ್ ದುರಸ್ತಿ

ಟ್ಯೂಬನ್ನು ಹೊರತೆಗೆದ ನಂತರ ಟೈರಿನ ಒಳಮೈಯನ್ನು ಎಚ್ಚರಿಕೆಯಿಂದ ತಡವಿ ಮುಳ್ಳು ಅಥವಾ ಗಾಜಿನ ಚೂರನ್ನು ಹುಡುಕಿ ತೆಗೆಯಬೇಕು. ಇದನ್ನು ಕಡೆಗಣಿಸಿದರೆ ಹೊಸ ಟ್ಯೂಬೂ ಕೆಲವೇ ನಿಮಿಷಗಳಲ್ಲಿ ತೂತಾಗಬಹುದು. ತೇಪೆ ಹಾಕುವಾಗ ತೂತಿನ ಸುತ್ತಲಿನ ಭಾಗವನ್ನು ಉಜ್ಜಿ, ದ್ರಾವಣ ಸವರಿ, ಅದರ ಹಸಿ ಹೊಳಪು ಆರಿದ ಮೇಲೆಯೇ ತೇಪೆಯನ್ನು ಒತ್ತಬೇಕು. ದ್ರಾವಣವು ಹಸಿಯಾಗಿದ್ದರೆ ತೇಪೆ ಜಾರುತ್ತದೆ. ಒಮ್ಮೆ ತೆರೆದ ದ್ರಾವಣದ ಕೊಳವೆಯು ಕಾಲಕ್ರಮೇಣ ಒಣಗುವುದರಿಂದ ಅದನ್ನು ಆಗಾಗ ಪರಿಶೀಲಿಸುವುದು ಅಗತ್ಯ.

ತುರ್ತು ಸಿದ್ಧತೆ

ಮುಂದೀಪ, ಹಿಂದೀಪ, ಪ್ರತಿಫಲಕ ಅಂಗಿ, ಕುಡಿಯುವ ನೀರು, ಗಾಯಕ್ಕೆ ಕಟ್ಟುವ ಪಟ್ಟಿ, ಸ್ವಲ್ಪ ನಗದು, ಮೊಬೈಲ್ ಹಾಗೂ ರಕ್ತದ ಗುಂಪು ಮತ್ತು ಆಪ್ತರ ದೂರವಾಣಿ ಸಂಖ್ಯೆ ಬರೆದ ಚೀಟಿಯನ್ನು ಒಯ್ಯುವುದು ಉಚಿತ. ಸವಾರನಿಗೆ ಪ್ರಜ್ಞೆ ತಪ್ಪಿದ್ದರೆ ಆತನ ಗುರುತು ತಿಳಿಸಲು ಈ ಚೀಟಿಯೊಂದೇ ಉಳಿಯಬಹುದು. ಭಾರತದಲ್ಲಿ ತುರ್ತು ನೆರವಿನ ಸಂಖ್ಯೆ 112.

ಉಪಕರಣಗಳನ್ನು ಹೊಂದಿರುವುದಷ್ಟೇ ಸಾಲದು; ಅವುಗಳ ಬಳಕೆಯನ್ನು ಮನೆಯಲ್ಲಿಯೇ ಒಮ್ಮೆ ಅಭ್ಯಾಸ ಮಾಡಿರಬೇಕು.