ಸಿರಿವಂತರ ದಾನ: ಅಳೆಯುವ ಕೊಳಗ ಯಾವುದು?

ಜಾತ್ರೆ, ಪುರಾಣ ಪ್ರವಚನಗಳ ಮಂಗಲ, ಪ್ರಸಾದ ನಿಲಯಗಳ ಉದ್ಘಾಟನೆ ಮೊದಲಾದ ಸಂದರ್ಭಗಳಲ್ಲಿ ಸದ್ಭಕ್ತರು ನಮ್ಮನ್ನು ಆಗಾಗ ಕೇಳುವ ಪ್ರಶ್ನೆಯೊಂದುಂಟು: “ಶಾಸ್ತ್ರಿಗಳೇ, ಸಿರಿವಂತರು ನಿಜವಾಗಿ ಕೊಡುವವರೋ, ಕೊಟ್ಟಂತೆ ತೋರುವವರೋ?” ಕೇಳುವವರ ದನಿಯಲ್ಲಿ ಕೆಲವೊಮ್ಮೆ ಕುತೂಹಲವಿರುತ್ತದೆ, ಕೆಲವೊಮ್ಮೆ ಕಹಿಯಿರುತ್ತದೆ. ಆ ಕಹಿಯೂ ನಿಷ್ಕಾರಣವಾದುದಲ್ಲ. ಆದರೆ ಉತ್ತರ ಹೇಳುವ ಮುನ್ನ, ದಾನವನ್ನು ಯಾವ ಕೊಳಗದಿಂದ ಅಳೆಯಬೇಕೆಂಬುದನ್ನು ನಿಶ್ಚಯಿಸಿಕೊಳ್ಳುವುದು ಅಗತ್ಯ.

ಸಿರಿವಂತರೆಲ್ಲರೂ ಲೋಭಿಗಳೆಂದು ಹೇಳುವ ನಾಲಗೆ ಶಿರಸಂಗಿಯ ಹೆಸರು ಕೇಳಿದೊಡನೆ ತಡೆಯುತ್ತದೆ. 1861ರಲ್ಲಿ ಶಿಗ್ಲಿಯಲ್ಲಿ ಜನಿಸಿ, ಶಿರಸಂಗಿ ದೇಸಗತಿಗೆ ದತ್ತುಹೋದ ಲಿಂಗರಾಜರು ದೊಡ್ಡ ಸಂಸ್ಥಾನದ ಒಡೆಯರಾಗಿದ್ದರು. ಮನಸ್ಸು ಮಾಡಿದ್ದರೆ ಇತರ ದೇಸಾಯಿಗಳಂತೆ ವಾಡೆಯ ವೈಭವದಲ್ಲಿಯೇ ಬಾಳನ್ನು ಕಳೆಯಬಹುದಿತ್ತು. ಆದರೆ 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ಅವರು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಬಡ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದಲ್ಲಿ ಬರೆದಿಟ್ಟರು. ಅಕ್ಷರವೇ ಅಪರೂಪವಾಗಿದ್ದ ಆ ಕಾಲದಲ್ಲಿ ಮಾಡಿದ ಆ ತ್ಯಾಗದಿಂದ ತಲೆಮಾರುಗಳ ವಿದ್ಯಾರ್ಥಿಗಳು ಓದಿ ಮುಂದೆ ಬಂದರು. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನೇ ಹೊತ್ತಿದೆ. ಆ ಕಾಲೇಜನ್ನು ನೋಡಲು ಅವರು ಇರಲಿಲ್ಲವೆಂಬುದೇ ಅವರ ದಾನದ ಹಿರಿಮೆ. ಫಲವನ್ನು ಕಣ್ಣಾರೆ ಕಾಣುವ ಆಸೆಯನ್ನೂ ಬಿಟ್ಟು ಕೊಟ್ಟವರು ಅವರು.

ನಮ್ಮ ಕಾಲದಲ್ಲಿಯೂ ಇಂತಹವರಿಲ್ಲದಿಲ್ಲ. ಬೆಂಗಳೂರಿನ ಉದ್ಯಮಿ ಅಜೀಂ ಪ್ರೇಮ್‌ಜಿಯವರು 2019ರ ಹೊತ್ತಿಗೆ ತಮ್ಮ ಪ್ರತಿಷ್ಠಾನಕ್ಕೆ ಮುಡಿಪಾಗಿಟ್ಟ ಸಂಪತ್ತಿನ ಮೌಲ್ಯ ಸುಮಾರು 1.45 ಲಕ್ಷ ಕೋಟಿ ರೂಪಾಯಿಗಳೆಂದು ಪ್ರಕಟವಾಯಿತು. ಆ ಪ್ರತಿಷ್ಠಾನದ ಮುಖ್ಯ ಕಾರ್ಯವೂ ಶಿಕ್ಷಣವೇ. ಒಳ್ಳೆಯದು ಎಲ್ಲಿಂದ ಬಂದರೂ ಅದನ್ನು ಒಳ್ಳೆಯದೆಂದು ಒಪ್ಪುವುದು ಶರಣಧರ್ಮ.

ಆದರೆ ಎಲ್ಲ ಕೊಡುಗೆಯೂ ದಾನವಲ್ಲ. 2013ರ ಕಂಪನಿ ಕಾಯ್ದೆಯ ಪ್ರಕಾರ, ನಿಗದಿಪಡಿಸಿದ ಪ್ರಮಾಣದ ಆಸ್ತಿ, ವಹಿವಾಟು ಅಥವಾ ಲಾಭವುಳ್ಳ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡಾ 2ರಷ್ಟನ್ನು ಸಮಾಜಕಾರ್ಯಕ್ಕೆ ವೆಚ್ಚಮಾಡಬೇಕು. ಇದರಿಂದ ಶಾಲೆ, ಆಸ್ಪತ್ರೆಗಳಿಗೆ ಉಪಕಾರವಾಗಿರುವುದು ನಿಜ. ಆದರೂ ಕಾಯ್ದೆ ಕೊಡಿಸಿದ್ದನ್ನು ಔದಾರ್ಯವೆನ್ನಲಾಗದು. ಹಾಗೆಯೇ ಕಟ್ಟಡಕ್ಕೆ ಹಣ ಕೊಟ್ಟು, ಗೋಡೆಯ ಮೇಲೆ ಹೆಸರು ಕೆತ್ತಿಸಿ, ಪ್ರತಿವರ್ಷ ತಮ್ಮವರಿಗೆ ಇಂತಿಷ್ಟು ಸೀಟು ಬೇಕೆಂದು ಕೇಳುವವರುಂಟು. ಅದು ವ್ಯಾಪಾರ, ತಕ್ಕಡಿಯ ಎರಡೂ ತಟ್ಟೆಗಳು ಅವರ ಕೈಯಲ್ಲಿಯೇ ಇರುತ್ತವೆ.

ಈ ಭೇದವನ್ನು ನಮ್ಮ ಶರಣರು 12ನೆಯ ಶತಮಾನದಲ್ಲಿಯೇ ಗುರುತಿಸಿದ್ದರು. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ನಮ್ಮ ಮನೆಮನೆಗೂ ಗೊತ್ತು. ಕಲ್ಯಾಣದ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯನು ಒಂದು ದಿನ ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಮನೆಯೊಳಗೆ ಸೇರಿಸದೆ ಮರಳಿ ಸುರಿದು ಬರಲು ಹೇಳಿದಳು. ಹೆಚ್ಚು ತಂದರೆ ಹೆಚ್ಚು ಜಂಗಮರಿಗೆ ಉಣಬಡಿಸಬಹುದಲ್ಲವೇ ಎಂದು ಇಂದಿನವರು ಕೇಳಬಹುದು. ಲಕ್ಕಮ್ಮನ ದೃಷ್ಟಿ ಬೇರೆ. ಎಷ್ಟು ಕೊಟ್ಟೆ ಎಂಬುದಕ್ಕಿಂತ ಮೊದಲು, ಹೇಗೆ ತಂದೆ ಎಂಬ ಪ್ರಶ್ನೆ ಅವಳದು. ದುಡಿದವರ ಕೂಲಿಯನ್ನು ಹಿಡಿದಿಟ್ಟುಕೊಂಡು, ಅದೇ ಹಣದಲ್ಲಿ ಅನ್ನಸಂತರ್ಪಣೆ ಮಾಡಿಸುವವರು ಈ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಇನ್ನೊಂದು ಮಾತು. ಸಮಾಜದ ದೊಡ್ಡ ಸಂಸ್ಥೆಗಳೆಲ್ಲ ಸಿರಿವಂತರಿಂದಲೇ ಬೆಳೆದವೆಂಬುದು ಅರ್ಧಸತ್ಯ. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಹುಟ್ಟುಹಾಕಿದ ಏಳು ಜನರನ್ನು ನಾವು ಸಪ್ತರ್ಷಿಗಳೆಂದು ಕರೆಯುತ್ತೇವೆ. ಅವರಲ್ಲಿ ಹಲವರು ಶಿಕ್ಷಕರು. ಹಣಕ್ಕಿಂತ ಹೆಚ್ಚಾಗಿ ತಮ್ಮ ಆಯುಷ್ಯವನ್ನೇ ಕೊಟ್ಟವರು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳು ಸುಮಾರು 10,000 ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ನೀಡಿದರು. ಆ ಒಲೆ ಆರದಂತೆ ಉಳಿದುದರಲ್ಲಿ ರೈತರು ಕಣದಿಂದ ತೆಗೆದಿಟ್ಟ ರಾಗಿಯ ಪಾಲೂ ಇದೆ.

ಇಲ್ಲಿ ನಮ್ಮದೊಂದು ತಪ್ಪನ್ನು ಮರೆಮಾಚದೆ ಹೇಳಬೇಕು. ಹಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದೂರಿನಲ್ಲಿ ಪ್ರಸಾದ ನಿಲಯದ ಕಟ್ಟಡ ಪೂರ್ಣಗೊಂಡಾಗ, ದಾನಿಗಳ ಯಾದಿಯನ್ನು ಸಭೆಯಲ್ಲಿ ಓದುವ ಹೊಣೆ ನಮ್ಮ ಮೇಲೆ ಬಂದಿತ್ತು. ಎರಡು ಕೋಣೆ ಕಟ್ಟಿಸಿಕೊಟ್ಟ ಸಾಹುಕಾರರ ಹೆಸರನ್ನು ವಿಶೇಷಣಗಳೊಡನೆ ಓದಿದೆವು, ಶಾಲು ಹೊದಿಸಿದೆವು. ಜೋಳ ಕೊಟ್ಟವರ ಯಾದಿ ಹತ್ತಾರು ಪುಟವಿತ್ತು. ಹೊತ್ತು ಮೀರಿತ್ತೆಂದು, “ಇನ್ನುಳಿದ ಸದ್ಭಕ್ತರು” ಎಂದಷ್ಟೇ ಹೇಳಿ ಪುಟ ಮಡಚಿದೆವು. ಸಭೆ ಮುಗಿದ ಮೇಲೆ, ಕಳೆ ತೆಗೆಯುವ ಕೂಲಿಯಿಂದ ಬದುಕುತ್ತಿದ್ದ ವೃದ್ಧ ತಾಯಿಯೊಬ್ಬಳು ಬಳಿಗೆ ಬಂದು, “ಯಪ್ಪಾ, ನನ್ನ ಎರಡು ಸೇರು ಜ್ವಾಳ ಮುಟ್ಟ್ಯಾವೇನ್ರಿ?” ಎಂದು ಕೇಳಿದಳು. ಮುಟ್ಟಿವೆ ಎಂದೆವು. “ಹೆಸರು ಓದಲಿಲ್ಲಲ್ರೀ, ಮುಟ್ಟಿಲ್ಲೇನೋ ಅಂದ್ಕೊಂಡೆ” ಎಂದು ಸಮಾಧಾನದಿಂದ ಹೊರಟುಹೋದಳು.

ಆಕೆಗೆ ಹೆಸರಿನ ಆಸೆಯಿರಲಿಲ್ಲ. ಮಕ್ಕಳಿಗೆ ಜೋಳ ಮುಟ್ಟಿತೋ ಇಲ್ಲವೋ ಎಂಬುದೊಂದೇ ಚಿಂತೆ. ಸಾಹುಕಾರರ ಕೋಣೆಗಳಿಲ್ಲದಿದ್ದರೆ ಮಕ್ಕಳು ಮಳೆಯಲ್ಲಿ ನೆನೆಯುತ್ತಿದ್ದರು. ಆ ಜೋಳವಿಲ್ಲದಿದ್ದರೆ ಹಸಿದಿರುತ್ತಿದ್ದರು. ಎರಡೂ ಬೇಕು. ಸಾಹುಕಾರರದು ತಪ್ಪಲ್ಲ. ಒಂದನ್ನು ವೇದಿಕೆಗೆ ಏರಿಸಿ, ಇನ್ನೊಂದನ್ನು ಮಡಚಿಟ್ಟ ನಮ್ಮದು ತಪ್ಪು. ಸಿರಿವಂತರಿಗೆ ಕೀರ್ತಿಯ ರುಚಿ ಹಚ್ಚಿದವರಲ್ಲಿ ನಮ್ಮಂತಹ ವೇದಿಕೆಯವರೂ ಸೇರಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆದುದರಿಂದ ಭಕ್ತರ ಪ್ರಶ್ನೆಗೆ ನಮ್ಮ ಉತ್ತರವಿಷ್ಟು. ಸಿರಿವಂತರಲ್ಲಿ ಉದಾರಿಗಳಿದ್ದಾರೆ, ಆದರೆ ಸಿರಿಯೇ ಔದಾರ್ಯವನ್ನು ತಂದುಕೊಡುವುದಿಲ್ಲ. ಅಳೆಯಬೇಕಾದುದು ಮೂರನ್ನು: ಹಣ ಬಂದ ದಾರಿ ಶುದ್ಧವೇ, ಕೊಟ್ಟ ಮೇಲೆ ತನಗೆಷ್ಟು ಉಳಿಯಿತು, ಕೊಟ್ಟದ್ದರ ಮೇಲಿನ ಹಿಡಿತವನ್ನು ಬಿಟ್ಟನೇ. ಲಿಂಗರಾಜರ ಮೃತ್ಯುಪತ್ರ, ಆ ತಾಯಿಯ ಎರಡು ಸೇರು ಜೋಳ ಇವೆರಡನ್ನೂ ಅಳೆಯಬಲ್ಲ ಕೊಳಗ ಇದೊಂದೇ. ರೂಪಾಯಿಯ ಲೆಕ್ಕಕ್ಕೆ ಅದು ಸಿಗುವುದಿಲ್ಲ.

ಸಂಸ್ಥೆಗಳನ್ನು ನಡೆಸುವ ಬಂಧುಗಳಲ್ಲಿ ಒಂದು ವಿನಂತಿ: ವರ್ಷಕ್ಕೊಮ್ಮೆ ಜಮಾ-ಖರ್ಚನ್ನು ಭಕ್ತರ ಮುಂದೆ ಓದಿರಿ, ಕಾಳು ಕೊಟ್ಟವರ ಹೆಸರನ್ನೂ ಓದಿರಿ. ತಾಯಂದಿರಲ್ಲಿ ಇನ್ನೊಂದು ವಿನಂತಿ: ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿಯನ್ನು ಬೇರೆ ಗಡಿಗೆಯಲ್ಲಿಡುವ ಹಳೆಯ ರೂಢಿಯನ್ನು ಬಿಡಬೇಡಿರಿ, ಆ ಹಿಡಿಯನ್ನು ಮಕ್ಕಳ ಕೈಯಿಂದಲೇ ಹಾಕಿಸಿರಿ. ನಾಳೆ ಅವರು ಸಿರಿವಂತರಾದರೆ, ಕೊಡುವುದನ್ನು ಹೊಸದಾಗಿ ಕಲಿಯಬೇಕಾಗುವುದಿಲ್ಲ.