ಮರುಕಳಿಸದ ನಾದ: ಗಿಟಾರಿನ ಮನೋಧರ್ಮವೂ ಧ್ವನಿಮುದ್ರಣವೂ

ಬೇಲೂರಿನ ಚೆನ್ನಕೇಶವ ದೇವಾಲಯವನ್ನಾಗಲಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನಾಗಲಿ ನಿಧಾನವಾಗಿ ಸುತ್ತಿ ನೋಡಿದರೆ, ಮದ್ದಳೆ ಬಾರಿಸುವವರೂ ತಾಳ ಹಿಡಿದವರೂ ಕೊಳಲೂದುವ ವೇಣುಗೋಪಾಲನೂ ಕಣ್ಣಿಗೆ ಬೀಳುತ್ತಾರೆ. ಬೆರಳು ಚರ್ಮದ ಮೇಲೆ ಬಿದ್ದ ಭಂಗಿಯನ್ನು ಶಿಲ್ಪಿಯು ಹನ್ನೆರಡನೆಯ ಶತಮಾನದಲ್ಲಿಯೇ ಕಲ್ಲಿನಲ್ಲಿ ನಿಲ್ಲಿಸಿದನು. ಆ ಪೆಟ್ಟಿನಿಂದ ಹೊರಟ ನಾದವನ್ನು ನಿಲ್ಲಿಸುವ ಉಪಾಯವು ಮನುಷ್ಯನಿಗೆ ದೊರೆತದ್ದು 1877ರಲ್ಲಿ, ಎಡಿಸನ್ನನು ಫೋನೋಗ್ರಾಫನ್ನು ರಚಿಸಿದಾಗ.

ಕೃತಿ ಕೀರ್ತನೆಗಳಿಗೆ ಯಂತ್ರದ ಹಂಗು ಅಷ್ಟಾಗಿ ಇಲ್ಲ. ಅವು ಗುರುವಿನ ಕಂಠದಿಂದ ಶಿಷ್ಯನ ಕಂಠಕ್ಕೆ ಇಳಿದು ಬರುತ್ತವೆ. ಆದರೆ ವಾದಕನು ಆ ಗಳಿಗೆಯಲ್ಲಿಯೇ ಕಲ್ಪಿಸಿಕೊಂಡು ನುಡಿಸುವ ಆಲಾಪನೆ, ತಾನಗಳ ಗತಿ ಬೇರೆ. ನಾಳೆ ಅದೇ ರಾಗವನ್ನು ಅದೇ ಕೈ ನುಡಿಸಿದರೂ ಅದು ಇನ್ನೊಂದೇ ಆಗಿರುತ್ತದೆ. ಇದನ್ನೇ ನಾವು ಮನೋಧರ್ಮ ಸಂಗೀತವೆನ್ನುತ್ತೇವೆ. ಹಾಸನ ಜಿಲ್ಲೆಯ ಗದ್ದವಳ್ಳಿಯಲ್ಲಿ 1920ರಲ್ಲಿ ಜನಿಸಿದ ವೀಣೆ ದೊರೆಸ್ವಾಮಿ ಅಯ್ಯಂಗಾರರ ತಾನವನ್ನು, ಅವರು 1997ರಲ್ಲಿ ತೀರಿಕೊಂಡ ಮೇಲೂ, ನಾವು ಕೇಳಬಲ್ಲೆವಾದರೆ ಅದು ಧ್ವನಿಮುದ್ರಣದ ಕೃಪೆಯಿಂದ ಮಾತ್ರ. ಅವರಿಗಿಂತ ಹಿಂದಿನವರಿಗೆ ಈ ಭಾಗ್ಯವು ಅರ್ಧಮರ್ಧವಾಗಿತ್ತು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ, ಮುಂದೆ ಮೈಸೂರಿನ ಆಸ್ಥಾನಕ್ಕೆ ಬಂದು 1930ರಲ್ಲಿ ಅಲ್ಲಿಯೇ ನಿಧನಳಾದ ಗೌಹರ್ ಜಾನ್, ರಾಗವನ್ನು ಸುಮಾರು ಮೂರು ನಿಮಿಷಗಳಲ್ಲಿ ಮುಗಿಸಬೇಕಾಗಿತ್ತು. ತಟ್ಟೆಯಲ್ಲಿ ಅದಕ್ಕಿಂತ ಹೆಚ್ಚು ಸ್ಥಳವಿರಲಿಲ್ಲ.

ಈಗ ಗಿಟಾರಿಗೆ ಬರೋಣ. ಇದರ ಆರು ತಂತಿಗಳಲ್ಲಿ ಅತಿ ದಪ್ಪವಾದುದು ಸೆಕೆಂಡಿಗೆ ಸುಮಾರು 82 ಬಾರಿ, ಅತಿ ತೆಳುವಾದುದು ಸುಮಾರು 330 ಬಾರಿ ಕಂಪಿಸುತ್ತದೆ. ಕಂಪಿಸುವ ಉದ್ದವು ಸಾಮಾನ್ಯವಾಗಿ 65 ಸೆಂಟಿಮೀಟರ್. ಹನ್ನೆರಡನೆಯ ಮೆಟ್ಟಿಲ ಬಳಿ ಒತ್ತಿದರೆ ಉದ್ದವು ಅರ್ಧವಾಗಿ ಕಂಪನ ಸಂಖ್ಯೆ ಇಮ್ಮಡಿಯಾಗುತ್ತದೆ. ಷಡ್ಜವು ಮೇಲಿನ ಷಡ್ಜವಾಗುತ್ತದೆ. ನಡುವಣ ಒಂದೊಂದು ಮೆಟ್ಟಿಲೂ ಕಂಪನವನ್ನು ಸುಮಾರು 1.0595ರಷ್ಟು ಗುಣಿಸುತ್ತದೆ. ಲೆಕ್ಕವು ಅಂದವಾಗಿದೆ, ಆದರೆ ನಮ್ಮ ರಾಗಗಳ ಪ್ರಾಣವಾದ ಗಮಕವು ಈ ಮೆಟ್ಟಿಲುಗಳ ಸಂದಿಯಲ್ಲಿ ವಾಸಿಸುತ್ತದೆ! ವೀಣೆಯಲ್ಲಿ ತಂತಿಯನ್ನು ಪಕ್ಕಕ್ಕೆಳೆದು ಬಿಗಿತವನ್ನು ಹೆಚ್ಚಿಸಿ ಗಮಕವನ್ನು ಪಡೆಯುತ್ತಾರೆ. ಗಿಟಾರಿನಲ್ಲಿ ಹಲವರು ಲೋಹದ ಕಂಬಿಯೊಂದನ್ನು ತಂತಿಯ ಮೇಲೆ ಜಾರಿಸುತ್ತಾರೆ. ಆಗ ಮೆಟ್ಟಿಲಿನ ಹಂಗೇ ಇಲ್ಲ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಅನುಸರಿಸುವುದು ಈ ಮಾರ್ಗವನ್ನೇ.

ವಿಶ್ವಮೋಹನ ಭಟ್ಟರು ಗಿಟಾರನ್ನು ಮಾರ್ಪಡಿಸಿ ರೂಪಿಸಿದ ಮೋಹನವೀಣೆಯನ್ನು ಹಿಡಿದು 1992ರಲ್ಲಿ ಅಮೆರಿಕದ ರೈ ಕೂಡರ್ ಎಂಬ ಗಿಟಾರ್ ವಾದಕರೊಡನೆ ಒಂದು ಕ್ರೈಸ್ತ ಪ್ರಾರ್ಥನಾ ಮಂದಿರದಲ್ಲಿ ಕುಳಿತರು. ಇಬ್ಬರಿಗೂ ಪರಿಚಯವಾಗಿ ಒಂದು ಗಂಟೆಯೂ ಆಗಿರಲಿಲ್ಲ. ಅವರು ನುಡಿಸಿದ್ದನ್ನು ದೊಡ್ಡ ಕಂಪನಿಯಲ್ಲ, ವಾಟರ್ ಲಿಲಿ ಅಕೌಸ್ಟಿಕ್ಸ್ ಎಂಬ ಚಿಕ್ಕ ಸ್ವತಂತ್ರ ಸಂಸ್ಥೆಯೊಂದು ಮುದ್ರಿಸಿತು. 1994ರಲ್ಲಿ ಆ ಮುದ್ರಿಕೆಗೆ ಗ್ರ್ಯಾಮಿ ಪ್ರಶಸ್ತಿಯು ಲಭಿಸಿತು.

ಅಂದು ಅದಕ್ಕೊಂದು ಸಂಸ್ಥೆ ಬೇಕಾಗಿತ್ತು. ಇಂದು ಅರಸೀಕೆರೆಯ ಒಬ್ಬ ತರುಣನು ತನ್ನ ಮನೆಯ ಕೋಣೆಯಲ್ಲಿ ಇದನ್ನು ಮಾಡಲೆಳಸುತ್ತಾನೆಂದು ಇಟ್ಟುಕೊಳ್ಳೋಣ. ಅವನಿಗೆ ಒಂದು ಮೈಕ್ರೋಫೋನು, ನಾದವನ್ನು ಅಂಕಿಗಳನ್ನಾಗಿ ಮಾರ್ಪಡಿಸುವ ಒಂದು ಪುಟ್ಟ ಪೆಟ್ಟಿಗೆ, ಒಂದು ಕಂಪ್ಯೂಟರು ಸಾಕು. ಆ ಪೆಟ್ಟಿಗೆಯು ಮೈಕ್ರೋಫೋನಿನ ವಿದ್ಯುತ್ತನ್ನು ಸೆಕೆಂಡಿಗೆ 44,100 ಬಾರಿ ಅಳೆಯುತ್ತದೆ. ಇಷ್ಟೇಕೆ? ನಮ್ಮ ಕಿವಿಗೆ ಕೇಳಿಸುವ ಅತಿ ತಾರವಾದ ನಾದವು ಸೆಕೆಂಡಿಗೆ ಸುಮಾರು 20,000 ಕಂಪನಗಳದ್ದು. ಒಂದು ಕಂಪನವನ್ನು ಗುರುತಿಸಲು ಅದರ ಇಮ್ಮಡಿಗಿಂತ ಹೆಚ್ಚು ಅಳತೆಗಳು ಅವಶ್ಯಕ.

ಅಳತೆಗೋಲು 16 ಬಿಟ್ಟುಗಳದಾದರೆ ಅದರಲ್ಲಿ 65,536 ಗೆರೆಗಳಿರುತ್ತವೆ. ನಾದವು ಮೇಲಿನ ಕೊನೆಯ ಗೆರೆಯನ್ನು ಮೀರಿದೊಡನೆ ಅಲೆಯ ತುದಿಯು ಕತ್ತರಿಸಿದಂತಾಗಿ ಕರ್ಕಶವಾಗುತ್ತದೆ. ಮೊದಲೇ ಗೊತ್ತಾದ ಕೃತಿಯಲ್ಲಿ ಎಲ್ಲಿ ಬಲವಾಗಿ ಮೀಟುವುದೆಂದು ತಿಳಿದಿರುತ್ತದೆ. ಮನೋಧರ್ಮದಲ್ಲಿ ವಾದಕನಿಗೇ ಅದು ತಿಳಿಯದು. ಆದ್ದರಿಂದ 24 ಬಿಟ್ಟುಗಳಲ್ಲಿ ಮುದ್ರಿಸುವುದು ಲೇಸು. ಆಗ ಗೆರೆಗಳು 1,67,77,216 ಆಗುತ್ತವೆ; ಮೇಲೆ ಧಾರಾಳವಾಗಿ ಜಾಗ ಬಿಟ್ಟರೂ ಸೂಕ್ಷ್ಮ ನಾದಗಳು ನಷ್ಟವಾಗುವುದಿಲ್ಲ.

ಅರಸೀಕೆರೆಯು ರೈಲ್ವೆ ಜಂಕ್ಷನ್ ಎಂಬುದನ್ನು ಮರೆಯಬಾರದು. ಬೆಂಗಳೂರು–ಹುಬ್ಬಳ್ಳಿ ಮಾರ್ಗಕ್ಕೆ ಹಾಸನದ ಕಡೆಯ ಹಾದಿಯು ಕೂಡುವುದು ಇಲ್ಲಿಯೇ. ಗಾಡಿಯ ಗುಡುಗು ನೆಲದ ಮೂಲಕವೂ ಗೋಡೆಯ ಮೂಲಕವೂ ಮೈಕ್ರೋಫೋನನ್ನು ಸೇರುತ್ತದೆ. ಗಿಟಾರಿನ ಮೂಲನಾದವು 82ಕ್ಕಿಂತ ಕೆಳಗಿಳಿಯದಾದ್ದರಿಂದ, 70ಕ್ಕಿಂತ ಮಂದ್ರವಾದುದನ್ನು ಸೋಸಿಬಿಟ್ಟರೆ ಈ ಗುಡುಗಿನ ಹೆಚ್ಚಿನ ಪಾಲು ಹೋಗುತ್ತದೆ, ಸಂಗೀತಕ್ಕೆ ಧಕ್ಕೆಯಾಗುವುದಿಲ್ಲ. ಆದರೆ ಎಂಜಿನ್ನಿನ ಶಿಳ್ಳೆಯು ತಂತಿಗಳ ನಾದದ ವ್ಯಾಪ್ತಿಯಲ್ಲಿಯೇ ಬರುವುದರಿಂದ ಈ ಬಗೆಯ ಸೋಸುವಿಕೆ ಅದಕ್ಕೆ ಉಪಾಯವಲ್ಲ. ಕೃತಿಯನ್ನು ನುಡಿಸುವವನು ಆ ಭಾಗವನ್ನು ಮತ್ತೊಮ್ಮೆ ನುಡಿಸಿ ಜೋಡಿಸುತ್ತಾನೆ. ನಮ್ಮ ತರುಣನಿಗೆ ‘ಮತ್ತೊಮ್ಮೆ’ ಎಂಬುದೇ ಇಲ್ಲ. ಅತ್ಯುತ್ತಮ ಸಂಚಾರದ ನಡುವೆ ಶಿಳ್ಳೆ ಬಿದ್ದರೆ ಆ ಸಂಚಾರವು ಹೋದಂತೆಯೇ. ಹಾಗಾಗಿ ಅವನು ಶ್ರುತಿ ಮಾಡಿಕೊಳ್ಳುವುದಕ್ಕೆ ಮುನ್ನ ರೈಲುಗಳ ವೇಳಾಪಟ್ಟಿಯನ್ನು ನೋಡಬೇಕು. ನಗೆಯ ಮಾತಲ್ಲ, ಸಾವಿರಾರು ರೂಪಾಯಿಯ ಉಪಕರಣಕ್ಕಿಂತ ಅದು ಹೆಚ್ಚು ಉಪಕಾರಿ.

ಕೋಣೆಯೂ ಒಂದು ವಾದ್ಯವೇ. ಬರಿಯ ಕಲ್ಲು, ಗಾರೆಗಳು ನಾದವನ್ನು ಹಿಂದಕ್ಕೆಸೆಯುತ್ತವೆ. ಕಂಬಳಿ, ಹಾಸಿಗೆ, ಪುಸ್ತಕದ ಕಪಾಟುಗಳು ಅದನ್ನು ಹೀರುತ್ತವೆ ಇಲ್ಲವೆ ಚದುರಿಸುತ್ತವೆ. ಹಿಂದೆ ನುಡಿಸಿದ್ದನ್ನು ಕೇಳುತ್ತ ಅದರ ಮೇಲೆಯೇ ಮತ್ತೊಂದು ಸ್ವರಜಾಲವನ್ನು ಹೆಣೆಯುವವರೂ ಉಂಟು. ಅಲ್ಲಿ ಕಂಪ್ಯೂಟರಿನ ವಿಳಂಬವನ್ನು ಗಮನಿಸಬೇಕು. ಅದು ಒಮ್ಮೆಗೆ 128 ಅಳತೆಗಳನ್ನು ಕೂಡಿಹಾಕಿದರೆ ತಡವು ಸೆಕೆಂಡಿನ ಸಾವಿರದಲ್ಲಿ ಮೂರು ಭಾಗದಷ್ಟು. ನಾದವು ಗಾಳಿಯಲ್ಲಿ ಒಂದು ಮೀಟರ್ ಸಾಗಲು ಹಿಡಿಯುವ ಕಾಲವೂ ಅಷ್ಟೇ. 1,024 ಆದರೆ ತಡವು 23 ಭಾಗವಾಗಿ ಕೈ ತಡವರಿಸುತ್ತದೆ.

ಮುದ್ರಿಕೆಯನ್ನು ಅಂತರಜಾಲದ ಮೂಲಕ ಲೋಕಕ್ಕೆ ಕಳುಹಿಸುವುದು ಈಗ ಸುಲಭ. ಅದರಿಂದ ಜೀವನ ನಡೆಸುವುದು ಸುಲಭವಲ್ಲ, ಒಂದು ಸಲದ ಕೇಳಿಕೆಗೆ ದೊರೆಯುವ ಹಣವು ಅತ್ಯಲ್ಪ. ಹಕ್ಕಿನ ವಿಷಯವು ಮಾತ್ರ ಹಿಂದಿಗಿಂತ ಉತ್ತಮವಾಗಿದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯು ಮೊದಲು ಬರೆದ ಅಥವಾ ಅಚ್ಚಾದ ಸಂಗೀತವನ್ನು ಮಾತ್ರ ಸಂಗೀತಕೃತಿಯೆಂದು ಎಣಿಸುತ್ತಿತ್ತು. ಸ್ವರಲಿಪಿಯಿಲ್ಲದ ಆಲಾಪನೆಯು ಆ ವ್ಯಾಖ್ಯೆಯ ಹೊರಗೆ ಉಳಿಯಿತು. 1994ರ ತಿದ್ದುಪಡಿಯು ಈ ನಿಬಂಧನೆಯನ್ನು ತೆಗೆದುಹಾಕಿತು. ಧ್ವನಿಮುದ್ರಿಕೆಗೆ ಪ್ರತ್ಯೇಕವಾದ ರಕ್ಷಣೆಯುಂಟು. ಪ್ರಕಟವಾದ ಮರುವರ್ಷದಿಂದ 60 ವರ್ಷಗಳನ್ನು ಎಣಿಸುತ್ತಾರೆ. ಹೀಗೆ 2025ರಲ್ಲಿ ಪ್ರಕಟವಾದ ಮುದ್ರಿಕೆಯ ಹಕ್ಕು 2085ರ ಕೊನೆಯವರೆಗೆ ನಡೆಯುತ್ತದೆ.